ನಿಯಂತ್ರಕ ಟಿ-ಕೋಶಗಳು ಮತ್ತು ಮೇದಸ್ಸು

ದೇಹರಕ್ಷಣೆಗೆಂದು ಹೊರಟ ಪ್ರತಿರಕ್ಷಾ ಕೋಶಗಳು ಸ್ವದೇಹದ ಮೇಲೆಯೇ ಎರಗದಂತೆ ತಡೆಯುವ ನಿಯಂತ್ರಕ ಟಿ-ಕೋಶಗಳನ್ನು ಜಪಾನಿನ ಶಿಮೊನ್ ಸಕಾಗುಚಿಯವರು 1995ರಲ್ಲಿ ಗುರುತಿಸಿದರು; ಇವುಗಳ ಬೆಳವಣಿಗೆಯನ್ನು ಆಳುವ ಜೀನು ಫಾಕ್ಸ್‌ಪಿ3. ಅವರಿಗೂ ಅಮೆರಿಕದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಸಂದಿತು. ಸ್ವಾರಸ್ಯವಿರುವುದಾದರೋ ಮುಂದೆ. ಕೃಶವಾದ ಇಲಿಗಳ ಉದರದ ಮೇದಸ್ಸಿನಲ್ಲಿ ಹೇರಳವಾಗಿರುವ ಈ ಕೋಶಗಳು ಸ್ಥೂಲಕಾಯದ ಇಲಿಗಳಲ್ಲಿ ಬಹುಮಟ್ಟಿಗೆ ಕ್ಷೀಣಿಸುವುವೆಂದೂ, ಅವುಗಳ ಹತೋಟಿ ತಪ್ಪಿದೊಡನೆ ಮೇದಸ್ಸಿನಲ್ಲಿ ಉರಿಯೂತವು ತಲೆಯೆತ್ತಿ ಇನ್ಸುಲಿನ್ನಿನ ಪ್ರಭಾವವು ಕುಗ್ಗುವುದೆಂದೂ 2009ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಎರಡನೆಯ ಬಗೆಯ ಮಧುಮೇಹಕ್ಕೆ ಈ ಇನ್ಸುಲಿನ್ ಪ್ರತಿರೋಧವೇ ಪ್ರಧಾನ ಪೀಠಿಕೆ. ಮುಪ್ಪಿನ ಇಲಿಗಳಲ್ಲಿ ಮಾತ್ರ ಫಲವು ವಿಪರೀತ: ಮೇದಸ್ಸಿನಲ್ಲಿ ಸಂಚಯಗೊಂಡ ಇವೇ ಕೋಶಗಳನ್ನು ತಗ್ಗಿಸಿದಾಗ ಇನ್ಸುಲಿನ್ ಪ್ರತಿರೋಧವು ಇಳಿದುದು 2015ರಲ್ಲಿ ವರದಿಯಾಯಿತು.