ರೋಗಸ್ಥರ ಮಗ್ಗುಲಲ್ಲಿ ಎಚ್ಚರವಾಗಿರುವವರ ವಿಷಯವಾದ ಪಾಠ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 17:8–13, ಲೂಕ 10:30–35, ಗಲಾತ್ಯ 6:1–5.



ರೋಗಸ್ಥರಿಗೋಸ್ಕರ ಪ್ರಾರ್ಥಿಸುವ ವಾಡಿಕೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ಮೊದಲಿನಿಂದಲೂ ಉಂಟು. ಆದಿತ್ಯವಾರದ ಆರಾಧನೆಯಲ್ಲಿ ಹಾಸಿಗೆ ಹಿಡಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಅವರನ್ನು ದೇವರ ಕೈಗೆ ಒಪ್ಪಿಸುತ್ತೇವೆ. ಇದು ಒಳ್ಳೇದೇ, ಬಿಡತಕ್ಕದ್ದಲ್ಲ. ಆದರೆ ಆ ರೋಗಸ್ಥನ ಮಗ್ಗುಲಲ್ಲಿ ರಾತ್ರಿಯೆಲ್ಲಾ ಎದ್ದು ಕುಳಿತಿರುವವಳ ಹೆಸರನ್ನು ಯಾರಾದರೂ ಹೇಳುವದುಂಟೋ? ಆಕೆಯು ಆರಾಧನೆಗೆ ಬಾರದೆ ಹೋದರೆ "ಪಾಪ, ಮನೆಯಲ್ಲಿ ತೊಂದರೆ" ಅನ್ನುತ್ತೇವೆ. ಎರಡು ವರುಷ ಬಾರದೆ ಹೋದರೆ ಅದನ್ನೂ ಅನ್ನುವದಿಲ್ಲ. ಈ ತಿಂಗಳಿನ ಪಾಠವು ಅಂಥವರ ವಿಷಯವಾದದ್ದು.

ಬಂದು ಹತ್ತು ದಿವಸಗಳಲ್ಲಿ ಬಿಟ್ಟುಹೋಗುವ ಜ್ವರದ ಮಾತನ್ನು ನಾವು ಇಲ್ಲಿ ಆಡುತ್ತಿಲ್ಲ. ಅಂಥ ಕಾಲದಲ್ಲಿ ನೆರೆಯವರು ಗಂಜಿ ತರುತ್ತಾರೆ, ಸಭಾಹಿರಿಯರು ಬಂದು ಹೋಗುತ್ತಾರೆ, ಎಲ್ಲವೂ ಬೇಗನೆ ಮುಗಿಯುತ್ತದೆ. ಪಾರ್ಶ್ವವಾಯು ಬಡಿದು ಒಂದು ಕೈ ಒಂದು ಕಾಲು ಬಿದ್ದುಹೋದವರು, ಮುಪ್ಪಿನಲ್ಲಿ ಮರೆವಿನ ರೋಗ ಹತ್ತಿ ಹೆತ್ತ ಮಗಳನ್ನೇ "ನೀನು ಯಾರ ಮನೆಯವಳು?" ಎಂದು ಕೇಳುವವರು, ಬುದ್ಧಿ ಕದಡಿದ ಯೌವನಸ್ಥರು, ಹುಟ್ಟಿದಂದಿನಿಂದ ಎದ್ದು ನಿಲ್ಲಲಾರದ ಮಕ್ಕಳು, ಇವರ ಶುಶ್ರೂಷೆಯು ವರುಷಗಟ್ಟಲೆ ನಡೆಯತಕ್ಕದ್ದು. ಹಾಸಿಗೆಯಿಂದ ಏಳಲಾರದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸದಿದ್ದರೆ ಬೆನ್ನಿಗೂ ಸೊಂಟಕ್ಕೂ ಹುಣ್ಣಾಗುತ್ತದೆಂದು ವೈದ್ಯರು ಹೇಳುತ್ತಾರೆ. ರಾತ್ರಿಯಲ್ಲಿ ಎರಡು ತಾಸಿಗೊಮ್ಮೆ ಅಂದರೆ ಎಷ್ಟು ಸಾರಿ ಏಳಬೇಕೆಂದು ಲೆಕ್ಕ ಹಾಕಿರಿ. ಬೆಳಗಾದ ಮೇಲೆ ಅದೇ ಕೈಗಳು ಹಟ್ಟಿ ಗುಡಿಸಿ, ನೀರು ಹೊತ್ತು, ಮಕ್ಕಳನ್ನು ಶಾಲೆಗೆ ಕಳುಹಿಸತಕ್ಕವು.

ಆದರೂ ಮೈಗೆ ಆಗುವ ದಣಿವು ಅರ್ಧ ಮಾತ್ರವೇ. ಮನಸ್ಸಿಗೆ ಆಗುವದು ಬೇರೆ. ಒಂದೇ ಪ್ರಶ್ನೆಯನ್ನು ನಲವತ್ತು ಸಾರಿ ಕೇಳುವ ಮುದುಕನ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಬಂದದ್ದಕ್ಕೆ ಮನಸ್ಸಾಕ್ಷಿಯು ಚುಚ್ಚುತ್ತದೆ. ಯಾರಿಗೂ ಹೇಳುವ ಹಾಗಿಲ್ಲ. ಪಟ್ಟಣದಿಂದ ವರುಷಕ್ಕೆ ಎರಡು ದಿವಸ ಬರುವ ಬಂಧುಗಳು "ಅಮ್ಮ ಎಷ್ಟು ಬಡವಾಗಿದ್ದಾರೆ, ಸರಿಯಾಗಿ ಊಟ ಹಾಕುವದಿಲ್ಲವೇ?" ಎಂದು ಕೇಳಿ, ಕಿತ್ತಳೆಹಣ್ಣು ಕೊಟ್ಟು, ಸಂಜೆಯ ಬಸ್ಸಿಗೆ ಹೊರಟುಹೋಗುತ್ತಾರೆ. (ಇದನ್ನು ಓದುವಾಗ ಯಾರ ಮುಖವಾದರೂ ಕೆಂಪಾದರೆ, ಮುಂದಿನ ಸಾರಿ ಎರಡು ದಿವಸಕ್ಕೆ ಬದಲಾಗಿ ಒಂದು ವಾರ ಇದ್ದು ರಾತ್ರಿಯ ಪಾಳಿಯನ್ನು ವಹಿಸಿಕೊಳ್ಳಲಿ.)

ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಹೊರೆಯ ವಿಷಯವಾಗಿ ಎರಡು ಮಾತುಗಳಿವೆ. 2ನೇ ವಚನದಲ್ಲಿ ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕೆಂದು ಅಪ್ಪಣೆ; 5ನೇ ವಚನದಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರುವನೆಂದು ಹೇಳಿಕೆ. ಇವು ಒಂದಕ್ಕೊಂದು ವಿರೋಧವೆಂದು ಕೆಲವರು ಭಾವಿಸುವದುಂಟು. ಹಾಗಲ್ಲ. ಗ್ರೀಕ್ ಮೂಲದಲ್ಲಿ ಪೌಲನು ಎರಡು ಬೇರೆ ಬೇರೆ ಶಬ್ದಗಳನ್ನು ಇಟ್ಟಿದ್ದಾನೆ: ಮೊದಲನೆಯದು ಮನುಷ್ಯನನ್ನು ಕುಗ್ಗಿಸುವ ಭಾರ, ಎರಡನೆಯದು ಅವನವನ ಪಾಲಿಗೆ ಬಂದ ಗಂಟು. ಕಾಡಿನಿಂದ ಸೌದೆ ತರುವ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾದದ್ದೇ ಇಲ್ಲ. ಹೊರೆಯನ್ನು ಹೊರುವವಳು ಒಬ್ಬಳೇ. ಆದರೆ ಅದನ್ನು ನೆಲದಿಂದ ಎತ್ತಿ ತಲೆಯ ಮೇಲಿಡುವದಕ್ಕೆ ಮತ್ತೊಬ್ಬಳ ಕೈ ಬೇಕು. ಹಿಂದಿನವರು ಇದನ್ನು ಬಲ್ಲವರಾಗಿದ್ದುದರಿಂದ, ಹಳೆಯ ದಾರಿಗಳ ಮಗ್ಗುಲಲ್ಲಿ ಹೊರೆ ಇಳಿಸುವ ಕಲ್ಲುಗಳನ್ನು ಎದೆಮಟ್ಟಕ್ಕೆ ನಿಲ್ಲಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ದಾರಿಗನು ಯಾರ ಸಹಾಯವೂ ಇಲ್ಲದೆ ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ, ಕುತ್ತಿಗೆ ಸರಿಮಾಡಿಕೊಂಡು, ತಿರಿಗಿ ಹೊತ್ತು ನಡೆಯುವನು. ಆ ಕಲ್ಲು ಹೊರೆಯನ್ನು ಹಗುರ ಮಾಡುವದಿಲ್ಲ, ಊರನ್ನು ಹತ್ತಿರ ತರುವದೂ ಇಲ್ಲ. ಆದರೂ ಅದು ಇಲ್ಲದ ದಾರಿಯಲ್ಲಿ ಜನರು ಕುಸಿದುಬಿದ್ದರು.

ಇನ್ನು ವಿಮೋಚನಕಾಂಡದ ವೃತ್ತಾಂತವನ್ನು ನೋಡೋಣ. ಅಮಾಲೇಕ್ಯರ ಸಂಗಡ ಯುದ್ಧವಾಗುವಾಗ ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದನು. ಅವನ ಕೈಗಳು ಭಾರವಾದವು. ಆಗ ಆರೋನನೂ ಹೂರನೂ ಅವನಿಗೆ "ನಿನ್ನ ನಂಬಿಕೆ ಕಡಿಮೆಯಾಯಿತು" ಎಂದು ಬೋಧಿಸಿದ್ದಾಗಿ ಬರೆದಿಲ್ಲ. ಮೊದಲು ಒಂದು ಕಲ್ಲನ್ನು ತಂದು ಅವನನ್ನು ಕೂರಿಸಿದರು. ಆ ಮೇಲೆ ಒಬ್ಬನು ಈ ಕಡೆ, ಒಬ್ಬನು ಆ ಕಡೆ ನಿಂತು ಹೊತ್ತು ಮುಳುಗುವ ತನಕ ಕೈಗಳಿಗೆ ಆಧಾರಕೊಟ್ಟರು. ದಣಿದವಳಿಗೆ ಮೊದಲು ಕುಳಿತುಕೊಳ್ಳುವದಕ್ಕೆ ಸ್ಥಳ ಕೊಡಬೇಕು.

ಲೂಕನು ಬರೆದ ಸಮಾರ್ಯದವನ ಸಾಮ್ಯದಲ್ಲಿ ನಾವು ಬೇಗನೆ ದಾಟಿಹೋಗುವ ಒಂದು ಮಾತಿದೆ. ಅವನು ಗಾಯಗಳನ್ನು ಕಟ್ಟಿ, ತನ್ನ ಪಶುವಿನ ಮೇಲೆ ಹತ್ತಿಸಿ, ಛತ್ರಕ್ಕೆ ಕರಕೊಂಡು ಹೋಗಿ ಉಪಚರಿಸಿದನು. ಮರುದಿನ ಏನು ಮಾಡಿದನು? ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ವೆಚ್ಚವಾದರೆ ತಿರಿಗಿ ಬರುವಾಗ ಕೊಡುವೆನೆಂದು ಹೇಳಿ ತನ್ನ ದಾರಿಯನ್ನು ಹಿಡಿದನು. ಅದು ಆ ಕಾಲದಲ್ಲಿ ಕೂಲಿಯಾಳಿನ ಎರಡು ದಿವಸದ ಸಂಬಳ. ನಮ್ಮ ಕರ್ತನು ಇವನನ್ನು ಅರ್ಧಕ್ಕೆ ಬಿಟ್ಟುಹೋದವನೆಂದು ಎಣಿಸಲಿಲ್ಲ, ನೆರೆಯವನೆಂದೇ ತೋರಿಸಿದನು. ಹಾಗಾದರೆ ರೋಗಸ್ಥರನ್ನು ಒಂದು ಮಧ್ಯಾಹ್ನ ಮತ್ತೊಬ್ಬರ ಕೈಗೆ ಒಪ್ಪಿಸುವ ಸೊಸೆಯನ್ನು ಪ್ರೀತಿಯಿಲ್ಲದವಳೆಂದು ಹೇಳುವದಕ್ಕೆ ನಾವು ಯಾರು?

ಒಂದು ಸಭೆಯಲ್ಲಿ ನಡೆದದ್ದನ್ನು ನಾವು ಕೇಳಿದಂತೆ ಹೇಳುತ್ತೇವೆ, ಹೆಸರುಗಳು ಬೇಡ. ಅಲ್ಲಿಯ ಒಬ್ಬ ಸಹೋದರಿಯು ಐದು ವರುಷದಿಂದ ಹಾಸಿಗೆಯಲ್ಲಿದ್ದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಒಂದು ವರುಷದಿಂದ ಆಕೆಯು ಕರ್ತನ ಭೋಜನಕ್ಕೆ ಬಾರದೆ ಹೋದಳು. ಸಭಾಪಾಲಕರು ಮೂರು ಸಾರಿ ಮನೆಗೆ ಹೋಗಿ ಬುದ್ಧಿ ಹೇಳಿದರು. ಆಕೆ ತಲೆ ತಗ್ಗಿಸಿ ಕೇಳಿದಳು, ಉತ್ತರ ಕೊಡಲಿಲ್ಲ. ಅದೇ ಸಭೆಯಲ್ಲಿ ಒಬ್ಬ ವೃದ್ಧರಿದ್ದರು. ಅವರ ಹೆಂಡತಿಗೆ ಮರೆವಿನ ರೋಗವಿದ್ದು, ಎಂಟು ವರುಷ ಕೈಯಾರೆ ಉಣಿಸಿ ಸಾಕಿ ಮಣ್ಣಿಗೆ ಒಪ್ಪಿಸಿದ್ದರು. ಒಂದು ಸಂಜೆ ಅವರು ಈ ಮನೆಗೆ ಬಂದು ಜಗಲಿಯ ಮೇಲೆ ಕುಳಿತು, ಯಾರೂ ಕೇಳದೆ ಇದ್ದರೂ ಹೀಗೆಂದರು: "ಒಂದು ರಾತ್ರಿ ಅವಳು ನನ್ನನ್ನು ಕಳ್ಳನೆಂದು ಕೂಗಿ ಹೊಡೆದಳು, ಮಗಳೇ. ಆಗ ನಾನು, ದೇವರೇ, ಇವಳನ್ನು ಇಂದೇ ತೆಗೆದುಕೋ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ಒಳಗೆ ಹೋಗಲಿಕ್ಕೆ ಹೆದರಿ ಬೆಳಗಾಗುವ ತನಕ ಹೊಸ್ತಿಲ ಮೇಲೆ ಕುಳಿತಿದ್ದೆ." ಆಕೆಯು ಬಹಳ ಹೊತ್ತು ಅತ್ತು, "ನಾನೂ ಬೇಡಿಕೊಂಡಿದ್ದೇನೆ, ಅಪ್ಪಾ" ಅಂದಳು. ತಾನು ಮನಸ್ಸಿನಲ್ಲಿ ಕೊಲೆಗಾರಳಾದೆನೆಂದೂ ಆ ಕೈಯಿಂದ ರೊಟ್ಟಿಯನ್ನು ಮುಟ್ಟಬಾರದೆಂದೂ ಆಕೆಯು ಎಣಿಸಿದ್ದಳು.

ಆ ವಾರವೇ ಆಕೆ ಭೋಜನದ ಮೇಜಿಗೆ ಬಂದಳೆಂದು ನಾವು ಹೇಳಲಾರೆವು. ಮೂರು ತಿಂಗಳು ಹಿಡಿಯಿತು. ಅತ್ತೆಯು ಹಾಸಿಗೆಯಲ್ಲೇ ಇದ್ದರು. ಒಗೆಯುವ ಬಟ್ಟೆಯಲ್ಲಿ ಒಂದಾದರೂ ಕಡಿಮೆಯಾಗಲಿಲ್ಲ. ಆದರೆ ಆಕೆಯ ಒಳಗಿದ್ದ ಮಾತು ಇನ್ನೊಬ್ಬರ ಬಾಯಿಂದ ಬಂದದ್ದನ್ನು ಆಕೆ ಕೇಳಿದ್ದಳು. ಸಭಾಪಾಲಕರ ಮೂರು ಭೇಟಿಗಳು ಮಾಡಲಾರದ್ದನ್ನು ಅದು ಮಾಡಿತು. ಅಂಥ ಯೋಚನೆ ಬಂದವರು ವೇದದಲ್ಲಿ ಇಲ್ಲವೋ? ಎಲೀಯನು ಅರಣ್ಯದ ಗಿಡದ ಕೆಳಗೆ ಕುಳಿತು ತನಗೇ ಮರಣವನ್ನು ಕೇಳಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ, ನಿದ್ರೆ ಮಾಡಗೊಟ್ಟು ದೂತನ ಕೈಯಿಂದ ರೊಟ್ಟಿ ನೀರು ಕೊಟ್ಟನು. ಮೋಶೆಯೂ ಇಡೀ ಜನದ ಭಾರವನ್ನು ಒಬ್ಬನೇ ಹೊರಲಾರದೆ ಸಾಯುವದೇ ಲೇಸೆಂದು ಮೊರೆಯಿಟ್ಟಾಗ (ಅರಣ್ಯಕಾಂಡ 11), ಭಾರವನ್ನು ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು ನೇಮಿಸಲ್ಪಟ್ಟರು.

ಒಂದೇ ವಿಧವಾದ ಕಷ್ಟದಲ್ಲಿರುವ ಮನೆಯವರನ್ನು ಒಟ್ಟಿಗೆ ಕೂಡಿಸುವದರಿಂದ ಆಗುವ ಪ್ರಯೋಜನವನ್ನು ವೈದ್ಯರೂ ಕಂಡಿದ್ದಾರೆ. ಪಂಜಾಬದ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು 1950ರ ದಶಕದಲ್ಲಿ ರೋಗಿಗಳ ಬಂಧುಗಳನ್ನು ಹಿಂದಕ್ಕೆ ಕಳುಹಿಸದೆ, ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಸಂಗಡವೇ ಇರಿಸಿಕೊಂಡರು. 1957ರಲ್ಲಿ ಆರಂಭವಾದ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರು ರೋಗಿಯ ಸಂಗಡ ಇದ್ದು ಶುಶ್ರೂಷೆಯಲ್ಲಿ ಪಾಲುಗಾರರಾಗುವ ಕ್ರಮವನ್ನು ಹಿಡಿಯಿತು. ಹೀಗೆ ಒಂದೆಡೆ ಇರುವವರು ಪಕ್ಕದ ಕುಟುಂಬವನ್ನು ನೋಡಿ, ತಮ್ಮ ಮನೆಗೆ ಬಂದದ್ದು ಶಾಪವಲ್ಲ, ಇತರರಿಗೂ ಬರುವ ರೋಗವೆಂದು ಕಲಿಯುತ್ತಾರೆ. ಬಾಸೆಲ್ ಮಿಶನಿನ ಹಳೆಯ ಸ್ಥಳವಾದ ಕಲ್ಲಿಕೋಟೆಯಲ್ಲಿ 1993ರಲ್ಲಿ ನೋವು ಶಮನದ ಸೇವೆಯು ಆರಂಭವಾಗಿ, ಅಲ್ಲಿಂದ ಕೇರಳದ ಊರೂರುಗಳಲ್ಲಿ ಸಾಮಾನ್ಯ ಜನರೇ ತರಬೇತು ಹೊಂದಿ ಮನೆಮನೆಗೆ ಹೋಗಿ ರೋಗಸ್ಥರನ್ನೂ ಅವರ ಮನೆಯವರನ್ನೂ ವಿಚಾರಿಸುವ ಕ್ರಮವು ಹಬ್ಬಿತು. 2008ರಲ್ಲಿ ಆ ಸರಕಾರವೇ ಇದನ್ನು ತನ್ನ ನೀತಿಯಾಗಿ ಸ್ವೀಕರಿಸಿತು. ಅಲ್ಲಿ ಮನೆಗೆ ಹೋಗುವವರು ರೈತರು, ಶಾಲಾಮಾಸ್ತರರು, ಅಂಗಡಿಯವರು. ನಮ್ಮಲ್ಲಿಯೂ ಅಂಥವರಿದ್ದಾರಲ್ಲಾ!

ಹಾಗಾದರೆ ನಮ್ಮ ಹಳ್ಳಿಯಲ್ಲಿ ಏನು ಮಾಡಬಹುದು? ಇಂಥ ಮನೆಗಳು ಮೂರು ಇದ್ದರೂ ಸಾಕು. ತಿಂಗಳಿಗೊಮ್ಮೆ, ಮಧ್ಯಾಹ್ನದ ಊಟವಾಗಿ ಸಂಜೆಯ ಹಟ್ಟಿ ಕೆಲಸಕ್ಕೆ ಮುಂಚೆ, ಒಬ್ಬರ ಜಗಲಿಯಲ್ಲಿ ಕೂಡಿಬರಲಿ. ಅವರು ಹೊರಗೆ ಬರಬೇಕಾದರೆ ಆ ಹೊತ್ತಿನಲ್ಲಿ ರೋಗಸ್ಥರ ಹತ್ತಿರ ಯಾರಾದರೂ ಕುಳಿತಿರಬೇಕಷ್ಟೆ. ಈ ಕೆಲಸವನ್ನು ಸ್ತ್ರೀಯರ ಸಂಘವೂ ಯೌವನಸ್ಥರ ಸಂಘವೂ ವಹಿಸಿಕೊಳ್ಳಲಿ. ಹೋಗುವವರು ಬರಿದೇ ಹೋಗಬಾರದು, ಮೊದಲು ಕಲಿತುಕೊಳ್ಳಬೇಕು: ಪಾರ್ಶ್ವವಾಯುವಿನವರಿಗೆ ಮಲಗಿಸಿಕೊಂಡು ನೀರು ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು, ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮರೆವಿನ ರೋಗವಿರುವವರ ಸಂಗಡ ವಾದಿಸಬಾರದು; ಸತ್ತುಹೋದ ಅಣ್ಣನು ಎಲ್ಲಿ ಎಂದು ಕೇಳಿದರೆ ಆ ಅಣ್ಣನ ವಿಷಯವಾಗಿ ನಾಲ್ಕು ಮಾತಾಡಿಸಬೇಕು.

ಕೂಟದಲ್ಲಿ ಪ್ರಸಂಗ ಬೇಡ. ಒಬ್ಬೊಬ್ಬರೂ ತಮ್ಮ ತಿಂಗಳು ಹೇಗೆ ಹೋಯಿತೆಂದು ಹೇಳಲಿ. ಹೇಳಲು ಮನಸ್ಸಿಲ್ಲದವರು ಸುಮ್ಮನಿರಲಿ. ಕೇಳದೆ ಇರುವವರಿಗೆ ಮದ್ದು ಹೇಳಬಾರದು. "ನಿಮ್ಮದೇನು ಮಹಾ, ನಮ್ಮ ಮನೆಯಲ್ಲಿ ನೋಡಿ" ಎಂಬ ಮಾತು ಬಾಯಿಂದ ಬರಬಾರದು. ಅಲ್ಲಿ ಆಡಿದ ಮಾತು ಬಾವಿಕಟ್ಟೆಗೂ ಹೋಗಬಾರದು, ಪ್ರಾರ್ಥನೆಗೂ ಹೋಗಬಾರದು. ಪ್ರಾರ್ಥನೆಗೂ ಎಂದು ಬೇಕೆಂದೇ ಬರೆದಿದ್ದೇವೆ. "ಕರ್ತನೇ, ಇಂಥ ಅಕ್ಕನ ಸಿಟ್ಟನ್ನು ಕ್ಷಮಿಸು" ಎಂದು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಬೇಡುವದು ಕಣ್ಣು ಮುಚ್ಚಿಕೊಂಡು ಚಾಡಿ ಹೇಳುವದೇ. ನೆರೆಯ ಹಿಂದೂ ಮನೆಯವರೂ ಮುಸಲ್ಮಾನ ಮನೆಯವರೂ ಬರಬಯಸಿದರೆ ಬರಲಿ. ಅವರ ಮತದ ಮಾತೆತ್ತಬಾರದು. ಹಾಸಿಗೆಯ ಹುಣ್ಣು ಎಲ್ಲರ ಮೈಗೂ ಒಂದೇ ಆಗಿದೆ.

ಯೋಬನ ಸ್ನೇಹಿತರು ಏಳು ದಿವಸ ಅವನ ಸಂಗಡ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ್ದರಲ್ಲೆಲ್ಲಾ ಉತ್ತಮವಾದದ್ದು ಅದೇ; ಬಾಯಿ ತೆರೆದ ಮೇಲೆ ಕೆಟ್ಟಿತು. ಯಾರ ಪಾಪದಿಂದ ಈ ರೋಗ ಬಂತೆಂಬ ವಿಚಾರವನ್ನು ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಎತ್ತಿದಾಗ ಕರ್ತನು ತಾನೇ ಅದನ್ನು ತಳ್ಳಿಬಿಟ್ಟನು. ಆದಕಾರಣ ಕೂಟದಲ್ಲಿ ಅದಕ್ಕೆ ಎಡೆಯಿಲ್ಲ.

ಕೂಟದಿಂದ ಎಲ್ಲವೂ ಆಗುವದೆಂದು ತಿಳಿಯಬಾರದು. ನಿದ್ರೆ ಪೂರ್ತಿಯಾಗಿ ಬಿಟ್ಟುಹೋದವರೂ, ಊಟ ಸೇರದವರೂ, ತಾವು ಸತ್ತರೆ ಸಾಕೆಂದು ಹೇಳುವವರೂ ವೈದ್ಯರ ಹತ್ತಿರ ಹೋಗತಕ್ಕವರು. ಅವರ ಸಂಗಡ ಒಬ್ಬರು ಹೋಗಲಿ, ಅವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರದಲ್ಲಿ ಭಾರತ ಸರಕಾರವು ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರಾರ್ಥನಾಲಯದ ಬಾಗಿಲಲ್ಲಿ ದೊಡ್ಡ ಅಕ್ಷರದಿಂದ ಬರೆದು ಅಂಟಿಸಿರಿ.

ಇನ್ನೊಂದು ಮಾತು. ರೋಗಸ್ಥರು ಕರ್ತನಲ್ಲಿ ನಿದ್ರೆಹೋದ ಮೇಲೆ ಮನೆ ತುಂಬ ಜನ. ಒಂದು ವಾರವಾದ ಮೇಲೆ ಯಾರೂ ಇರುವದಿಲ್ಲ. ಆಕೆಯು ಎರಡು ತಾಸಿಗೊಮ್ಮೆ ತಾನಾಗಿ ಎಚ್ಚರವಾಗುತ್ತಾಳೆ. ಹೊರಳಿಸಬೇಕಾದವರು ಮಾತ್ರ ಇಲ್ಲ. ಆಗ ಕೂಟದವರು ಆಕೆಯನ್ನು ಲೆಕ್ಕದಿಂದ ಬಿಡದೆ ಮುಂಚಿನಂತೆಯೇ ಕರೆಯಬೇಕು. ಊರಿನಲ್ಲಿ ಹೊಸದಾಗಿ ಪಾರ್ಶ್ವವಾಯು ಬಡಿದವರ ಮನೆಯವರಿಗೆ ಕಲಿಸಬಲ್ಲವರು ಈಕೆಯ ಹಾಗೆ ಬೇರೆ ಯಾರೂ ಇಲ್ಲ. ಆದರೆ ಆ ಕೆಲಸಕ್ಕೆ ಕೂಡಲೇ ಅವಸರಪಡಿಸಬೇಡಿರಿ. ಕೆಲವು ತಿಂಗಳು ಆಕೆ ನಿದ್ರೆ ಮಾಡಲಿ.