ಆಟದಿಂದ ಕಥೆಗೆ: ವಿಡಿಯೊ ಗೇಮ್ ಮತ್ತು ಕನ್ನಡ ಬರವಣಿಗೆ

ತರಗತಿ: 6ರಿಂದ 8
ಅವಧಿ: ಮೂರು ಪಾಠಾವಧಿಗಳು

ಉದ್ದೇಶಗಳು

ಈ ಘಟಕದ ಕೊನೆಯಲ್ಲಿ ವಿದ್ಯಾರ್ಥಿಯು:
1. ತಾನು ಆಡುವ ಆಟವೊಂದನ್ನು ಕನ್ನಡದಲ್ಲಿ ಕ್ರಮಬದ್ಧವಾಗಿ ವಿವರಿಸುವನು.
2. ಆಟದ ವರದಿಗೂ ಕಥೆಗೂ ಇರುವ ವ್ಯತ್ಯಾಸವನ್ನು ಗುರುತಿಸುವನು.
3. ಆಟದ ಒಂದು ಸನ್ನಿವೇಶವನ್ನು ಕಥೆಯಾಗಿ ಬರೆಯುವನು.

ಪೀಠಿಕೆ

ಗೋವಾದ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗು ಒಂದೇ ದಿನದಲ್ಲಿ ನಾಲ್ಕೈದು ಭಾಷೆಗಳ ನಡುವೆ ಓಡಾಡುತ್ತದೆ. ಮನೆಯಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಅಥವಾ ಕೊಪ್ಪಳದ ಕಡೆಯ ಕನ್ನಡ. ಓಣಿಯಲ್ಲಿ ಕೊಂಕಣಿ ಮತ್ತು ಹಿಂದಿ. ಅಂಗಡಿಯ ಫಲಕಗಳಲ್ಲಿ ಇಂಗ್ಲಿಷ್ ಮತ್ತು ಮರಾಠಿ. ವಾಸ್ಕೊ, ಬೈನಾ, ಝುವಾರಿನಗರಗಳಲ್ಲಿ ಸಂಜೆ ಮೊಬೈಲಿನ ಸುತ್ತ ಸೇರುವ ಮಕ್ಕಳ ಆಟದ ಮಾತು ಬಹುಮಟ್ಟಿಗೆ ಹಿಂದಿ ಮತ್ತು ಇಂಗ್ಲಿಷಿನದು. ಹೀಗಾಗಿ ಮಗುವಿನ ಅತ್ಯಂತ ಉತ್ಸಾಹದ ಅನುಭವವು ಕನ್ನಡದ ಹೊರಗೇ ಉಳಿದುಬಿಡುತ್ತದೆ. ಪ್ರೀತಿಸುವ ವಸ್ತುವಿನ ಕುರಿತು ಮಾತಾಡಲು ಒದಗದ ಭಾಷೆಯು ಕ್ರಮೇಣ ಪಠ್ಯಪುಸ್ತಕ ಮತ್ತು ಪರೀಕ್ಷೆಗಳ ಭಾಷೆಯಾಗಿ ಕುಗ್ಗುತ್ತದೆ. ಆದುದರಿಂದ ವಿಡಿಯೊ ಗೇಮನ್ನು ಕೇವಲ ಶಿಸ್ತಿನ ಸಮಸ್ಯೆಯೆಂದು ಕಾಣದೆ, ಬರವಣಿಗೆಯ ವಸ್ತುವೆಂದು ಪರಿಶೀಲಿಸುವುದು ಈ ಘಟಕದ ಆಶಯ.

ವಿಡಿಯೊ ಗೇಮ್ ಕಲೆಯೇ?

ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಎಬರ್ಟ್ 2010ರಲ್ಲಿ, ವಿಡಿಯೊ ಗೇಮ್ ಎಂದಿಗೂ ಕಲೆಯಾಗಲಾರದೆಂದು ಬರೆದರು. ಆಟಕ್ಕೆ ನಿಯಮ, ಗುರಿ, ಗೆಲುವುಗಳಿವೆ; ಕಲೆಯನ್ನು ಯಾರೂ ಗೆಲ್ಲುವುದಿಲ್ಲ, ಅನುಭವಿಸುತ್ತಾರೆ ಎಂಬುದು ಅವರ ವಾದ. ಕೆಲವು ತಿಂಗಳ ಬಳಿಕ, ಸ್ವತಃ ಆಡದೆ ಅಭಿಪ್ರಾಯ ನೀಡಿದ್ದು ಸರಿಯಲ್ಲವೆಂದು ಅವರೇ ಒಪ್ಪಿಕೊಂಡರು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಪ್ಯಾಕ್‌ಮ್ಯಾನ್, ಟೆಟ್ರಿಸ್, ಮಿಸ್ಟ್ ಮೊದಲಾದ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೈಸೂರಿನ ಗಂಜೀಫಾ ಎಲೆಗಳ ಮೇಲಿನ ಸೂಕ್ಷ್ಮ ಚಿತ್ರಗಳು ಕಲೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಚಿತ್ರಕಲೆ. ಆಡದೆಯೂ ಅದನ್ನು ನೋಡಿ ಸವಿಯಬಹುದು. ಆಟವೇ ಕಲೆಯಾಗಬೇಕಾದರೆ ಆಡುವ ಕೈಯ ಕ್ರಿಯೆಯಲ್ಲಿಯೇ ಅರ್ಥವು ಹುಟ್ಟಬೇಕು.

ಕೆನಡಾದ ಟೊರಾಂಟೊ ನಗರದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ‘ವೆಣ್ಬಾ’ ಇದಕ್ಕೆ ಉತ್ತಮ ನಿದರ್ಶನ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿ ಹಾಗೂ ಅವರ ಮಗ ಕವಿನ್ ಇದರ ಪಾತ್ರಗಳು. ಆಡುವವರು ಇಲ್ಲಿ ಮಾಡಬೇಕಾದ ಕೆಲಸ ಅಡುಗೆ. ಮೊದಲನೆಯದು ಇಡ್ಲಿ, ತಟ್ಟೆಗಳನ್ನು ಯಾವ ರೀತಿ ಜೋಡಿಸಬೇಕೆಂಬುದೇ ಒಗಟು. ತಾಯಿಯ ಬಳಿಯಿರುವ ಹಳೆಯ ಅಡುಗೆ ಪುಸ್ತಕದ ಅಕ್ಷರಗಳು ಅಲ್ಲಲ್ಲಿ ಮಾಸಿವೆ. ಉಳಿದುದನ್ನು ಊಹಿಸಿ ತುಂಬಿಕೊಳ್ಳಬೇಕು. ಮಗನಾದರೋ ಬೆಳೆದಂತೆಲ್ಲ ತಮಿಳಿನಿಂದ ದೂರ ಸರಿಯುತ್ತಾನೆ. ಮಾಸಿದ ಬರಹವನ್ನು ಕೂಡಿಸಲು ಯತ್ನಿಸುವ ಆಟಗಾರನಿಗೆ, ಒಂದು ಭಾಷೆ ಮನೆಯಿಂದ ಜಾರಿಹೋಗುವುದೆಂದರೇನು ಎಂಬುದು ಬೆರಳ ತುದಿಯಲ್ಲಿ ತಿಳಿಯುತ್ತದೆ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ನೀಡಿತು. ಗೋವಾದ ಕನ್ನಡ ಶಿಕ್ಷಕರಿಗೆ ಈ ಆಟದ ವಸ್ತುವು ಪರಕೀಯವೆನಿಸಲಾರದು.

ಆಟವು ಕಥೆಯಾಗುವ ಬಗೆ

ಆಟವನ್ನು ಸಾಹಿತ್ಯವಾಗಿಸುವ ಕೆಲಸ ಕನ್ನಡಕ್ಕೆ ಹೊಸದಲ್ಲ. 941ರ ಸುಮಾರಿಗೆ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ದುರ್ಯೋಧನನನ್ನು ತೊರೆಯಲಾರೆನೆಂದು ಹೇಳುವ ಕರ್ಣನು ಒಂದು ನೆತ್ತದಾಟವನ್ನು ನೆನೆಯುತ್ತಾನೆ. ಸಾಂಪ್ರದಾಯಿಕವಾಗಿ ಬೋಧಿಸಿಕೊಂಡು ಬಂದ ಅರ್ಥದಂತೆ, ಭಾನುಮತಿ ಸೋಲುತ್ತಾಳೆ. ಕರ್ಣನು ಪಣಕ್ಕಾಗಿ ಪೀಡಿಸುವಾಗ ಹಾರ ಹರಿದು ಮುತ್ತುಗಳು ಚೆಲ್ಲುತ್ತವೆ. ಅಲ್ಲಿಗೆ ಬಂದ ದುರ್ಯೋಧನನು ಕಿಂಚಿತ್ತೂ ಶಂಕಿಸದೆ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳುತ್ತಾನೆ. ದಾಳ ಹೇಗೆ ಬಿತ್ತು, ಯಾವ ಕಾಯಿ ಯಾವ ಮನೆಗೆ ನಡೆಯಿತು ಎಂಬುದನ್ನು ಪಂಪನು ಹೇಳುವುದಿಲ್ಲ. ಆಟದಿಂದ ಅವನು ಆರಿಸಿಕೊಂಡದ್ದು ಸ್ನೇಹದ ವಿಶ್ವಾಸವನ್ನು ತೋರುವ ಒಂದೇ ಒಂದು ಗಳಿಗೆಯನ್ನು.

ಕುಮಾರವ್ಯಾಸನ ಸಭಾಪರ್ವದ ದ್ಯೂತಪ್ರಸಂಗದ ಕ್ರಮ ಬೇರೆ. ಅಲ್ಲಿ ಒಂದರ ಹಿಂದೊಂದು ಹಲಗೆಯಾಟ ನಡೆಯುತ್ತದೆ. ಸಂಪತ್ತು, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ ಎಂದು ಧರ್ಮರಾಯನ ಪಣ ಏರುತ್ತದೆ. ಆಟದ ಆವರ್ತನೆಯೇ ಕಥೆಯ ಏರುವಿಕೆಯಾಗಿದೆ. ಆದರೆ ಅಲ್ಲಿಯೂ ಓದುಗನ ಮನಸ್ಸು ದಾಳದ ಮೇಲೆ ನಿಲ್ಲುವುದಿಲ್ಲ. ಯಾರು ಏನನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ.

ವಿಡಿಯೊ ಗೇಮಿನಿಂದ ಹುಟ್ಟಿದ ಕಾದಂಬರಿಗಳಲ್ಲಿಯೂ ಇದೇ ತತ್ತ್ವ ಕಾಣುತ್ತದೆ. 1993ರ ‘ಮಿಸ್ಟ್’ ಆಟದಲ್ಲಿ ಆಟಗಾರನು ಜನರಿಲ್ಲದ ದ್ವೀಪವೊಂದರಲ್ಲಿ ಒಗಟುಗಳನ್ನು ಬಿಡಿಸುತ್ತ ಅಲೆಯುತ್ತಾನೆ. ಆಟವನ್ನು ರೂಪಿಸಿದ ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಸಹೋದರರು ಡೇವಿಡ್ ವಿಂಗ್‌ರೋವ್ ಅವರೊಡನೆ 1995ರಲ್ಲಿ ‘ದ ಬುಕ್ ಆಫ್ ಆಟ್ರಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದು ಒಗಟುಗಳನ್ನು ಪುನಃ ವಿವರಿಸುವುದಿಲ್ಲ. ಆಟಕ್ಕಿಂತ ಬಹಳ ಹಿಂದಕ್ಕೆ ಹೋಗಿ, ಆಟ್ರಸ್ ಎಂಬ ಪಾತ್ರವು ಅಜ್ಜಿಯ ಆರೈಕೆಯಲ್ಲಿ ಬೆಳೆದುದನ್ನೂ ಅವನನ್ನು ಕರೆದೊಯ್ಯಲು ತಂದೆ ಬರುವುದನ್ನೂ ಹೇಳುತ್ತದೆ. ಆಟವು ಹೇಳದೆ ಬಿಟ್ಟ ಜಾಗದಲ್ಲಿ ಕಾದಂಬರಿಯು ಆರಂಭವಾಗುತ್ತದೆ.

ಈ ಮೂರು ನಿದರ್ಶನಗಳಿಂದ ತರಗತಿಗೆ ದೊರೆಯುವ ಸೂತ್ರ ಒಂದೇ: ನಡೆಗಳನ್ನು ಬರೆಯಬಾರದು, ಯಾರಿಗೆ ಏನು ಪಣವಾಗಿತ್ತು ಎಂಬುದನ್ನು ಬರೆಯಬೇಕು.

ಪಾಠದ ನಿರ್ವಹಣೆ

ಮೊದಲನೆಯ ಅವಧಿ: ಹೇಳುವುದು. ತರಗತಿಗೆ ಮೊಬೈಲ್ ತರುವ ಅಗತ್ಯವಿಲ್ಲ. ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದು ಆಟವನ್ನು ಐದು ವಾಕ್ಯಗಳಲ್ಲಿ ಹೇಳಲಿ. ಮೊಬೈಲ್ ಇಲ್ಲದ ಮಕ್ಕಳು ಚೌಕಾಬಾರ, ಹುಲಿ-ಕುರಿ, ಅಳಗುಳಿಮಣೆಗಳನ್ನು ಆರಿಸಿಕೊಳ್ಳಬಹುದು. ಇವನ್ನು ಎರಡನೆಯ ದರ್ಜೆಯ ಆಯ್ಕೆಯೆಂಬಂತೆ ಕಾಣಬಾರದು. ಮಕ್ಕಳು ಬಳಸುವ ಪದಗಳನ್ನು ಶಿಕ್ಷಕರು ಕರಿಹಲಗೆಯ ಮೇಲೆ ಬರೆದು ಕನ್ನಡದ ಮಾತು ಕೇಳಲಿ. ‘ರಿವೈವ್ ಮಾಡು’ ಎಂಬುದಕ್ಕೆ ‘ಬದುಕಿಸು’, ‘ಜೀವ ಉಳಿಸು’, ‘ಎತ್ತಿ ನಿಲ್ಲಿಸು’ ಎಂಬ ಮೂರು ಉತ್ತರಗಳು ಬಂದರೆ, ಅವುಗಳ ಅರ್ಥಭೇದದ ಚರ್ಚೆಯೇ ಒಂದು ಪದಪಾಠವಾಗುತ್ತದೆ. ‘ಲೆವೆಲ್’, ‘ಮ್ಯಾಪ್’ ಮುಂತಾದ ರೂಢಿಯ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು.

ಎರಡನೆಯ ಅವಧಿ: ಕೇಳುವುದು. ಬಿಜಿಎಂಐ ಮಾದರಿಯ ಆಟಗಳಲ್ಲಿ ಆಟಗಾರರು ವಿಮಾನದಿಂದ ಇಳಿದು, ಬರಿದಾದ ಮನೆಗಳನ್ನು ಹೊಕ್ಕು ಸಾಮಗ್ರಿ ಸಂಗ್ರಹಿಸುತ್ತಾರೆ; ಸುರಕ್ಷಿತ ವಲಯವು ಕಿರಿದಾಗುತ್ತ ಹೋಗುತ್ತದೆ. ಆಟವು ಕೇಳದ ಪ್ರಶ್ನೆಗಳನ್ನು ಶಿಕ್ಷಕರು ಕೇಳಬೇಕು. ಆ ಮನೆಗಳಲ್ಲಿ ಮೊದಲು ಯಾರಿದ್ದರು? ಅವರು ಎಲ್ಲಿಗೆ ಹೋದರು? ಹೋಗುವಾಗ ಏನನ್ನು ಬಿಟ್ಟುಹೋದರು? ಒಳಗೆ ಬಂದವನಿಗೆ ಭಯವಾಯಿತೇ, ನಾಚಿಕೆಯಾಯಿತೇ? ಚೌಕಾಬಾರವಾದರೆ, ಇನ್ನೇನು ಹಣ್ಣಾಗಬೇಕಿದ್ದ ತಂಗಿಯ ಕಾಯನ್ನು ಕಡಿದಾಗ ಅವಳ ಮುಖ ಹೇಗಿತ್ತು ಎಂದು ಕೇಳಬಹುದು.

ಮೂರನೆಯ ಅವಧಿ: ಬರೆಯುವುದು. ಆರಿಸಿಕೊಂಡ ಒಂದೇ ಗಳಿಗೆಯನ್ನು ಮಕ್ಕಳು ಹತ್ತರಿಂದ ಹದಿನೈದು ವಾಕ್ಯಗಳಲ್ಲಿ ಬರೆಯಲಿ. ವ್ಯತ್ಯಾಸವನ್ನು ತೋರಿಸಲು ಕೆಳಗಿನ ಮಾದರಿಗಳನ್ನು ಓದಿ ಹೇಳಬಹುದು.

ವರದಿ: “ನಾನು ವಿಮಾನದಿಂದ ಜಂಪ್ ಮಾಡಿದೆ. ಒಂದು ಮನೆಗೆ ಹೋದೆ. ಗನ್ ಸಿಕ್ಕಿತು. ವೈರಿ ಬಂದ. ಹೊಡೆದೆ. ಇನ್ನೊಂದು ಮನೆಗೆ ಹೋದೆ.”

ಕಥೆ: “ಬಾಗಿಲು ತೆರೆದೇ ಇತ್ತು. ‘ಯಕ್ಕಾ, ಈ ಮನ್ಯಾಗ ಯಾರೂ ಇಲ್ಲೇನ?’ ಎಂದು ಕೂಗಿದೆ. ಉತ್ತರ ಬರಲಿಲ್ಲ. ಒಲೆಯ ಮೇಲಿನ ಪಾತ್ರೆ ತಣ್ಣಗಿತ್ತು. ಗೋಡೆಯ ಮೊಳೆಗೆ ಶಾಲೆಯ ಚೀಲವೊಂದು ತೂಗುತ್ತಿತ್ತು. ಅದರೊಳಗೆ ಕೈಹಾಕಲು ಮನಸ್ಸಾಗಲಿಲ್ಲ. ಹೊರಗೆ ಗುಂಡಿನ ಸದ್ದು ಹತ್ತಿರವಾಗುತ್ತಿತ್ತು.”

ಎರಡನೆಯ ಮಾದರಿಯಲ್ಲಿ ನಿರೂಪಣೆ ಶಿಷ್ಟ ಕನ್ನಡದಲ್ಲಿದ್ದು, ಮಾತು ಮನೆಯ ಕನ್ನಡದಲ್ಲಿದೆ. ಸಂಭಾಷಣೆಯಲ್ಲಿ ಮಕ್ಕಳ ಮನೆಯ ಮಾತನ್ನು ತಿದ್ದಬಾರದು. ಅದು ತಪ್ಪಲ್ಲ, ಪಾತ್ರದ ದನಿ.

ಎಚ್ಚರಿಕೆಗಳು

ಊರಿನ ಮನೆಗೆ ಬೀಗ ಹಾಕಿ ಬಂದ ಕುಟುಂಬದ ಮಗುವಿಗೆ ಬರಿದಾದ ಮನೆಯೆಂದರೇನು ಎಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಆಟದ ಮರೆಯಲ್ಲಿ ಅದು ತನ್ನ ಬದುಕನ್ನೇ ಬರೆದಿರಬಹುದು. ಅಂಥ ಬರಹ ಬಂದಾಗ ‘ಇದು ನಿನ್ನ ಮನೆಯ ಕಥೆಯೇ?’ ಎಂದು ತರಗತಿಯ ಮುಂದೆ ಕೇಳಕೂಡದು, ಮಗುವಿನ ಒಪ್ಪಿಗೆಯಿಲ್ಲದೆ ಗಟ್ಟಿಯಾಗಿ ಓದಿಸಲೂ ಕೂಡದು.

ಈ ಪಾಠವು ಆಟದ ಅವಧಿಯನ್ನು ಹೆಚ್ಚಿಸಲು ನೀಡುವ ಅನುಮತಿಯಲ್ಲ ಎಂಬುದನ್ನು ಪಾಲಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯು ನಿಷೇಧಿಸಿದೆ. ಇದನ್ನು ದ್ಯೂತಪ್ರಸಂಗದ ಚರ್ಚೆಯೊಡನೆ ಸಹಜವಾಗಿ ಜೋಡಿಸಬಹುದು.

ಮೌಲ್ಯಮಾಪನ (10 ಅಂಕ)

ಒಂದೇ ಗಳಿಗೆಯನ್ನು ಆರಿಸಿಕೊಂಡಿರುವುದು: 2
ಪಾತ್ರಕ್ಕೆ ಏನು ಪಣವಾಗಿದೆ ಎಂಬುದು ತಿಳಿಯುವುದು: 3
ಕಣ್ಣು, ಕಿವಿ, ಕೈಗಳಿಗೆ ನಿಲುಕುವ ವಿವರಗಳು: 3
ವಾಕ್ಯರಚನೆ ಮತ್ತು ಕಾಗುಣಿತ: 2

ಕಾಗುಣಿತಕ್ಕೆ ಉದ್ದೇಶಪೂರ್ವಕವಾಗಿಯೇ ಕಡಿಮೆ ಅಂಕವಿಡಲಾಗಿದೆ. ಮೊದಲ ಬರಹದಲ್ಲಿ ಕೆಂಪು ಶಾಯಿಯ ಗೆರೆಗಳೇ ತುಂಬಿದರೆ ಮಗು ಮುಂದಿನ ಸಲ ಎರಡೇ ಸಾಲು ಬರೆದು ನಿಲ್ಲಿಸುತ್ತದೆ. ತಿದ್ದುಪಡಿಯನ್ನು ಎರಡನೆಯ ಕರಡಿಗೆ ಮೀಸಲಿಡುವುದು ಯುಕ್ತ.

ಶಿಕ್ಷಕರ ಚರ್ಚೆಗೆ

1. ನಿಮ್ಮ ತರಗತಿಯ ಮಕ್ಕಳು ಆಡುವ ಮೂರು ಆಟಗಳನ್ನು ಅವರಿಂದಲೇ ಕೇಳಿ ತಿಳಿಯಿರಿ. ಪ್ರತಿಯೊಂದೂ ಹೇಳದೆ ಬಿಟ್ಟಿರುವುದೇನು?
2. ಪಂಪನ ನೆತ್ತದ ಪ್ರಸಂಗವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಸರಳ ಗದ್ಯದಲ್ಲಿ ಹೇಗೆ ಹೇಳುವಿರಿ?
3. ಕನ್ನಡ ಬರಹದಲ್ಲಿ ಹಿಂದುಳಿದ ಮಗುವೊಂದು ಆಟವನ್ನು ವಿವರಿಸುವಾಗ ತೋರುವ ಭಾಷಾಸಾಮರ್ಥ್ಯವನ್ನು ಒಂದು ವಾರ ಗಮನಿಸಿ ದಾಖಲಿಸಿರಿ.