ಅನುಮತಿಯೋ, ಹಕ್ಕೋ? ರಾಷ್ಟ್ರೀಯ ಉದ್ಯಾನದ ನಿಯಮಗಳನ್ನು ಕಲಿಸಿದ ಎರಡು ಅವಧಿಗಳು

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಬಂಡೀಪುರದ ಕಾಡಂಚಿನ ಒಂದು ಪ್ರೌಢಶಾಲೆ. 8ನೇ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ. ರಾಷ್ಟ್ರೀಯ ಉದ್ಯಾನದ ವ್ಯಾಖ್ಯೆಯನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಅವರಿಗೆ ಉದ್ಯಾನವೆಂದರೆ ಚೆಕ್‌ಪೋಸ್ಟ್, ಗಾರ್ಡು, 'ಒಳಗೆ ಹೋಗಬಾರದು' ಎಂಬ ಮಾತು, ಅಷ್ಟೇ. ಹಾಗಾಗಿ, ಯಾರು ಯಾವ ಕೆಲಸಕ್ಕೆ ಯಾರ ಅನುಮತಿಯಿಂದ ಒಳಗೆ ಹೋಗಬಹುದು ಎಂಬುದನ್ನೇ ಕಲಿಕಾಂಶವಾಗಿ ಆರಿಸಿಕೊಂಡೆ.

ಮೊದಲ ಅವಧಿ: ಅರ್ಜಿ ಪರಿಶೀಲನೆ

ನಾಲ್ಕು ಗುಂಪುಗಳಿಗೆ ನಾಲ್ಕು ಚೀಟಿ ಕೊಟ್ಟೆ: ಕಪ್ಪೆಗಳ ಅಧ್ಯಯನಕ್ಕೆ ಬಂದ ಸಂಶೋಧಕಿ, ಮರ ಕಡಿದು ಸೆಟ್ ಹಾಕಬಯಸುವ ಸಿನಿಮಾ ತಂಡ, ಔಷಧಿ ಬೇರು ಅಗೆದು ಮಾರುವ ಹೊರಗಿನ ವ್ಯಾಪಾರಿ, ಗುಂಡ್ಲುಪೇಟೆಯಿಂದ ಊಟಿ ಬಸ್ಸು ಹತ್ತಿದ ಕುಟುಂಬ. "ನೀವೇ ಅಧಿಕಾರಿಗಳು. ಅನುಮತಿ ಕೊಡುತ್ತೀರಾ? ಯಾವ ಷರತ್ತಿನ ಮೇಲೆ? ಕಾರಣ ಬರೆಯಿರಿ" ಎಂದೆ.

ಚರ್ಚೆ ಮುಗಿದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಅಧ್ಯಯನ, ಸಂಶೋಧನೆ, ಛಾಯಾಗ್ರಹಣ, ಪ್ರವಾಸಗಳಿಗೆ 28ನೇ ಪ್ರಕರಣದಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. 2022ರ ತಿದ್ದುಪಡಿಯಲ್ಲಿ ಚಿತ್ರೀಕರಣವೂ ಸೇರಿತು. ಆದರೆ ಆವಾಸ ಬದಲಾಗಬಾರದು, ಪ್ರಾಣಿಗಳಿಗೆ ತೊಂದರೆಯಾಗಬಾರದು. ಉದ್ಯಾನದಿಂದ ಬೇರು, ಸೊಪ್ಪು ತೆಗೆಯುವ ವಿಷಯದಲ್ಲಿ 35ನೇ ಪ್ರಕರಣ ಇನ್ನೂ ಬಿಗಿ: ವನ್ಯಜೀವಿಗಳ ಒಳಿತಿಗೇ ಅದು ಅಗತ್ಯವೆಂದು ಸರ್ಕಾರಕ್ಕೆ ಮನವರಿಕೆಯಾಗಬೇಕು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವ ಕುಟುಂಬಕ್ಕೆ ಪರ್ಮಿಟ್ ಬೇಡ.

ಕಪ್ಪೆ ಗುಂಪಿನವರು ಬರೆದ ಷರತ್ತು: "ಮೊಟ್ಟೆ ಇಟ್ಟಿರುವ ಗುಂಡಿಗೆ ಇಳಿಯಬಾರದು." ಕಾಯ್ದೆಯ ಪದಗಳು ಗೊತ್ತಿಲ್ಲದೆಯೇ ಅವರು ಅದರ ಉದ್ದೇಶವನ್ನು ಹಿಡಿದಿದ್ದರು.

ಒಂದು ಪ್ರಶ್ನೆ

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ನಮ್ಮಜ್ಜಿ ಕಾಡಿಂದ ಜೇನು ತರ್ತಿದ್ರು. ಅವ್ರೂ ಅರ್ಜಿ ಹಾಕ್ಬೇಕಿತ್ತಾ?" "ಅದು ಕಳ್ಳತನ ಕಣೇ" ಎಂದ ಒಬ್ಬ. ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಅಳಿಸದೆ ಹಾಗೇ ಬಿಟ್ಟೆ.

ಎರಡನೇ ಅವಧಿ

ಅಲ್ಲಿಂದಲೇ ಪಾಠ ಮುಂದುವರಿಸಿದೆ. 2006ರ ಅರಣ್ಯ ಹಕ್ಕುಗಳ ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಅರಣ್ಯವಾಸಿ ಪರಿಶಿಷ್ಟ ಪಂಗಡಗಳು ಹಾಗೂ ಇತರ ಪಾರಂಪರಿಕ ಅರಣ್ಯವಾಸಿಗಳು ತಲೆತಲಾಂತರದಿಂದ ಸಂಗ್ರಹಿಸುತ್ತ ಬಂದ ಜೇನಿನಂಥ ಕಿರು ಅರಣ್ಯ ಉತ್ಪನ್ನದ ಮೇಲೆ ಅದು ಹಕ್ಕನ್ನು ಮಾನ್ಯ ಮಾಡುತ್ತದೆ. ಆ ಪ್ರಕ್ರಿಯೆ ಗ್ರಾಮಸಭೆಯಿಂದ ಶುರುವಾಗುತ್ತದೆ. ನೆರೆಯ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ಸಿಕ್ಕಿತು. ಹಕ್ಕಿನ ಜೊತೆಗೆ ಕಾಡನ್ನೂ ವನ್ಯಜೀವಿಗಳನ್ನೂ ಕಾಯುವ ಹೊಣೆಯನ್ನು ಕಾಯ್ದೆಯೇ ಹೇಳುತ್ತದೆ.

ಹಲಗೆಯ ಮೇಲೆ 'ಅನುಮತಿ', 'ಹಕ್ಕು' ಎಂಬ ಎರಡು ಕಾಲಂ ಎಳೆದು ಚೀಟಿಗಳನ್ನು ಮಕ್ಕಳಿಂದಲೇ ಹಂಚಿಸಿದೆ. ಅಜ್ಜಿಗಾಗಿ ಐದನೇ ಚೀಟಿಯನ್ನು ಆ ಹುಡುಗಿಯೇ ಬರೆದಳು.

ಮೌಲ್ಯಮಾಪನ

1. ವ್ಯಾಪಾರಿಯ ಬೇರಿಗೂ ಅಜ್ಜಿಯ ಜೇನಿಗೂ ಇರುವ ವ್ಯತ್ಯಾಸವೇನು?
2. ನಿಮ್ಮ ಶಾಲೆಯ ಪ್ರಕೃತಿ ಅಧ್ಯಯನಕ್ಕೆ ಅನುಮತಿ ಕೋರಿ ಅರಣ್ಯಾಧಿಕಾರಿಗೆ ಪತ್ರ ಬರೆಯಿರಿ. ಉದ್ದೇಶ, ದಿನಾಂಕ, ಮಕ್ಕಳ ಸಂಖ್ಯೆ, ನೀವು ಪಾಲಿಸುವ ಮೂರು ಷರತ್ತುಗಳಿರಲಿ.

ನನ್ನ ಅನಿಸಿಕೆ

ಕಾಡಂಚಿನ ಶಾಲೆಯಲ್ಲಿ ಪರ್ಮಿಟ್ ಮಾತ್ರ ಕಲಿಸಿ ಹಕ್ಕನ್ನು ಬಿಟ್ಟರೆ, ಮನೆಯ ಹಿರಿಯರು ಕಳ್ಳರೆಂಬ ಭಾವನೆ ಹೊತ್ತು ಮಗು ಹೊರಡುತ್ತದೆ. ಹಕ್ಕು ಹೇಳಿ ಷರತ್ತು ಬಿಟ್ಟರೆ ಕಪ್ಪೆಯ ಮೊಟ್ಟೆಗೆ ಕಾವಲಿಲ್ಲ. ಈ ಪಾಠಕ್ಕೆ ಎರಡು ಅವಧಿ ಇಟ್ಟುಕೊಳ್ಳಿ ಎಂಬುದೇ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ.